ನೆಂಟರು ಕೋಣೆ ಸೇರಿದ ಕೂಡಲೇ ಕೈಗೊಂದು ಚೀಲ: ಮದುವೆಯ ಸ್ವಾಗತದ ಉಡುಗೊರೆಯನ್ನು ಮನೆಯಲ್ಲೇ ಸಿದ್ಧಪಡಿಸುವುದು ಹೇಗೆ?

ತುಮಕೂರಿನ ಕಲ್ಯಾಣ ಮಂಟಪಗಳಲ್ಲಿ ನಡೆಯುವ ಮದುವೆ ಸಾಮಾನ್ಯವಾಗಿ ಎರಡು ದಿನಗಳ ಕಾರ್ಯ. ಮೊದಲ ದಿನ ಸಂಜೆ ವರಪೂಜೆ, ಆರತಕ್ಷತೆ. ಮರುದಿನ ಬೆಳಿಗ್ಗೆ ಮುಹೂರ್ತ. ಬೆಂಗಳೂರು ಸುಮಾರು 70 ಕಿ.ಮೀ. ದೂರದಲ್ಲೇ ಇರುವುದರಿಂದ ಅಲ್ಲಿಂದ ಬಂದವರು ರಾತ್ರಿಯ ಊಟ ಮುಗಿಸಿ ಹೊರಟುಬಿಡಬಹುದು. ಆದರೆ ಶಿವಮೊಗ್ಗ, ಹುಬ್ಬಳ್ಳಿ, ಬಳ್ಳಾರಿಗಳ ಕಡೆಯ ನೆಂಟರು ಉಳಿದುಕೊಳ್ಳಲೇಬೇಕು. ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುವುದು, ಹೊರಡುವಾಗ ತಾಂಬೂಲ ಕೊಡುವುದು ನಮ್ಮಲ್ಲಿ ತಪ್ಪದ ಪದ್ಧತಿ. ಇವೆರಡರ ನಡುವೆ, ಬಸ್ಸಿನಿಂದಲೋ ರೈಲಿನಿಂದಲೋ ಇಳಿದು ದಣಿದು ಬಂದವರು ಕೋಣೆಯಲ್ಲಿ ಪೆಟ್ಟಿಗೆ ಇಳಿಸಿದ ಆ ಮೊದಲ ಗಂಟೆಯಲ್ಲಿ ಅವರಿಗೇನು ಬೇಕು ಎಂದು ವಿಚಾರಿಸಲು ಮನೆಯವರಿಗೆ ಪುರಸೊತ್ತಿರುವುದಿಲ್ಲ. ಆ ಹೊತ್ತಿಗೆ ಒದಗುವ ಒಂದು ಚೀಲವನ್ನು ಮನೆಯಲ್ಲೇ ತಯಾರಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ವಧೂವರರ ಹೆಸರು ಅಚ್ಚಾದ ಲೋಟ, ಫೋಟೊ ಅಂಟಿಸಿದ ಕೀ ಬಂಚ್ ಮೊದಲಾದವುಗಳು ಎಷ್ಟೇ ಅಂದವಾಗಿದ್ದರೂ ಕೊನೆಗೆ ಕಪಾಟಿನ ಮೂಲೆ ಸೇರುತ್ತವೆ. ಕೊಟ್ಟದ್ದು ಅಲ್ಲೇ ತಿಂದು ಮುಗಿಯಬೇಕು, ಇಲ್ಲವೇ ಮನೆಗೆ ಹೋದ ಮೇಲೂ ಬಳಕೆಗೆ ಬರಬೇಕು. ಆದ್ದರಿಂದ ಚೀಲದ ಮೇಲೆ ಹೆಸರು, ದಿನಾಂಕ ಯಾವುದನ್ನೂ ಅಚ್ಚು ಹಾಕಿಸದಿರುವುದೇ ಒಳ್ಳೆಯದು. ಹೆಸರಿಲ್ಲದ ಚೀಲವನ್ನು ಸಂತೆಗೂ ಒಯ್ಯಬಹುದು.

ಚೀಲದ ಅಳತೆಗೆ ತೆಂಗಿನಕಾಯಿಯೇ ಆಧಾರ

ಸ್ವಾಗತಕ್ಕೊಂದು ಚೀಲ, ತಾಂಬೂಲಕ್ಕೆ ಇನ್ನೊಂದು ಎಂದು ಎರಡೆರಡು ಹೊಲಿಸುವ ಅಗತ್ಯವಿಲ್ಲ. ಬರುವಾಗ ತಿಂಡಿ ತುಂಬಿ ಕೊಟ್ಟ ಚೀಲವನ್ನೇ ಹೊರಡುವಾಗ ತರಲು ಹೇಳಿ ಅದರಲ್ಲಿಯೇ ತಾಂಬೂಲ ಹಾಕಿಕೊಡಬಹುದು. ಹೀಗೆ ಮಾಡಬೇಕಾದರೆ ಸುಲಿದ ತೆಂಗಿನಕಾಯಿ ಸಲೀಸಾಗಿ ಹಿಡಿಸುವಷ್ಟು ಅಗಲ ಚೀಲಕ್ಕಿರಬೇಕು. ಮದುವೆಗೆ ಕಾಯಿ ಕೊಡುವ ತೋಟದವರಿಂದ ದೊಡ್ಡ ಕಾಯಿಯೊಂದನ್ನು ಮೊದಲೇ ತರಿಸಿಕೊಂಡು, ಟೇಪಿನಿಂದ ಅದರ ಸುತ್ತಳತೆ ತೆಗೆದುಕೊಳ್ಳಿ. ಸುತ್ತಳತೆ 14 ಅಂಗುಲದೊಳಗೆ ಇದ್ದರೆ ಈ ಮುಂದಿನ ಲೆಕ್ಕ ಸರಿಹೋಗುತ್ತದೆ.

ಬಟ್ಟೆಗೆ 36 ಅಂಗುಲ ಪನ್ನದ (ಅಗಲದ) ಕೋರಾ ಹತ್ತಿ ಬಟ್ಟೆ ಸಾಕು. 100 ಚೀಲಗಳಿಗೆ 16 ಮೀಟರ್ ಬೇಕಾಗುತ್ತದೆ. ಅಂಗಡಿಗಳಲ್ಲಿ ಬಟ್ಟೆಚೀಲವೆಂದು ಮಾರುವ, ಮುಟ್ಟಿದರೆ ಒರಟು ಕಾಗದದಂತಿರುವ ನಾನ್‌ವೋವನ್ ಚೀಲಗಳು ಹತ್ತಿಯವಲ್ಲ, ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನವು ಎಂಬುದು ಗಮನದಲ್ಲಿರಲಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳು 2016ರಲ್ಲೇ ನಿಷೇಧವಾಗಿವೆ.

ಕೋರಾ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಒಗೆದಾಗ ಬಟ್ಟೆ ಕುಗ್ಗುತ್ತದೆ. ಹಾಗಾಗಿ ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಸೋಪಿನ ಬಿಸಿನೀರಿನಲ್ಲಿ ಒಗೆದು ಒಣಗಿಸಲೇಬೇಕು. ಕುಗ್ಗಿದ ಮೇಲೆ ಪನ್ನ ಸುಮಾರು 35 ಅಂಗುಲಕ್ಕೆ ಇಳಿಯುತ್ತದೆ. ಅಡ್ಡಕ್ಕೆ ನಾಲ್ಕು ಭಾಗ ಮಾಡಿದರೆ ಒಂದೊಂದೂ ಎಂಟೂಮುಕ್ಕಾಲು ಅಂಗುಲ. ಉದ್ದ 23 ಅಂಗುಲ ಇರಲಿ.

ಬಿಳಿಯ ಚೀಲವೇ ಸಾಕೆನ್ನುವವರು ಬಣ್ಣದ ಕೆಲಸವನ್ನು ಬಿಟ್ಟುಬಿಡಬಹುದು. ಬಣ್ಣ ಬೇಕೆನಿಸಿದರೆ ಅರಿಸಿನದ ಆಸೆ ಬೇಡ. ಅರಿಸಿನದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ, ಸೋಪು ತಾಕಿದರೆ ಕೆಂಪಾಗುತ್ತದೆ. ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ಮಾಡುವುದೂ ಇದೇ ಗುಣದಿಂದ. ನಮ್ಮ ಜಿಲ್ಲೆಗೆ ಒಪ್ಪುವ ಬಣ್ಣವೆಂದರೆ ಅಡಿಕೆ ಚೊಗರು. ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಹಸಿ ಅಡಿಕೆ ಸುಲಿದು ಬೇಯಿಸುವವರ ಬಳಿ ಈ ಗಾಢ ಕಂದು ದ್ರವ ಸಿಗುತ್ತದೆ. ಬಟ್ಟೆಯನ್ನು ನಾಲ್ಕು ನಾಲ್ಕು ಮೀಟರಿನ ತುಂಡುಗಳಾಗಿ ಮಾಡಿಕೊಂಡು, ಕಿಲೋ ಬಟ್ಟೆಗೆ 100ರಿಂದ 150 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಅದ್ದಿಡಿ. ಮರುದಿನ ಚೊಗರಿಗೆ ನೀರು ಬೆರೆಸಿ, ಸ್ಟೀಲಿನ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಯಿಸಿ, ಬಟ್ಟೆ ಮುಳುಗಿಸಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಕೋಲಿನಿಂದ ಆಗಾಗ ತಿರುವುತ್ತಿರಿ. ಕಬ್ಬಿಣದ ಬಾಣಲೆ ಬಳಸಿದರೆ ಚೊಗರಿನ ಒಗರು ಕಬ್ಬಿಣದೊಡನೆ ಸೇರಿ ಬಟ್ಟೆ ಬೂದುಗಪ್ಪಾಗುತ್ತದೆ. ಹಸಿಯಿರುವಾಗ ಬಣ್ಣ ಗಾಢವಾಗಿ ಕಂಡು ಒಣಗಿದ ಮೇಲೆ ತಿಳಿಯಾಗುವುದರಿಂದ, ಮೊದಲು ಒಂದು ಚೂರನ್ನು ಅದ್ದಿ ಪೂರ್ತಿ ಒಣಗಿಸಿ ನೋಡಿಯೇ ಉಳಿದದ್ದಕ್ಕೆ ಕೈಹಾಕಿ. ನೆರಳಿನಲ್ಲಿ ಒಣಗಿಸಿ. ಚೊಗರಿನ ಕಲೆ ಕೈಯಿಂದ ಬೇಗ ಹೋಗುವುದಿಲ್ಲ. ಮದುಮಗಳನ್ನು ಈ ಕೆಲಸಕ್ಕೆ ಕೂರಿಸಬೇಡಿ.

ಹೊಲಿಗೆ ಸುಲಭ, ಆದರೆ ಅನುಕ್ರಮ ತಪ್ಪಬಾರದು. ಮೊದಲಿಗೆ ತುಂಡಿನ ನಾಲ್ಕೂ ಮೂಲೆಗಳಿಂದ ಮೂರು ಅಂಗುಲದವರೆಗೆ ಪಕ್ಕದ ಅಂಚನ್ನು ಅರ್ಧ ಅಂಗುಲ ಒಳಕ್ಕೆ ಮಡಿಚಿ ಹೊಲಿಯಿರಿ. ಬಳಿಕ ಎರಡೂ ತುದಿಗಳನ್ನು ಅರ್ಧ ಅಂಗುಲ, ಮತ್ತೆ ಒಂದು ಅಂಗುಲ ಮಡಿಚಿ, ಲಾಡಿ ತೂರುವಷ್ಟು ಜಾಗ ಉಳಿಯುವಂತೆ ಮಡಿಕೆಯ ಕೆಳಗಿನ ಅಂಚಿಗೆ ಹೊಲಿಗೆ ಹಾಕಿ. ಈಗ ಬಟ್ಟೆಯನ್ನು ಮಗ್ಗುಲು ಬದಲಿಸಿ ಮಧ್ಯಕ್ಕೆ ಮಡಿಚಿದರೆ 10 ಅಂಗುಲ ಎತ್ತರದ ಚೀಲದ ಆಕಾರ ಬರುತ್ತದೆ. ಕೆಳಗಿನಿಂದ ಲಾಡಿಯ ಮಡಿಕೆಯವರೆಗೆ ಮಾತ್ರ ಎರಡೂ ಪಕ್ಕಗಳನ್ನು ಹೊಲಿಯಿರಿ. ಮಡಿಕೆಯ ಬಾಯಿ ತೆರೆದೇ ಇರಬೇಕು. ಕಾಯಿಯ ಭಾರ ಬೀಳುವುದರಿಂದ ಪಕ್ಕಗಳಿಗೆ ಎರಡು ಹೊಲಿಗೆ ಇರಲಿ. ಸೇಫ್ಟಿ ಪಿನ್ನಿಗೆ ಸಿಕ್ಕಿಸಿ 24 ಅಂಗುಲದ ಲಾಡಿಯನ್ನು ತೂರಿಸಿ ಗಂಟು ಹಾಕಿದರೆ ಮುಗಿಯಿತು. 100 ಚೀಲಗಳಿಗೆ 61 ಮೀಟರ್ ಲಾಡಿ ಬೇಕು. ಮೊದಲ ಚೀಲ ಮುಗಿದೊಡನೆ ಆ ದೊಡ್ಡ ಕಾಯಿಯನ್ನು ಹಾಕಿ ನೋಡಿ, ಆಮೇಲೆ ಉಳಿದ 99ನ್ನು ಕತ್ತರಿಸಿ. ಮದುವೆಗೆ ಆರು ವಾರವಿರುವಾಗ ಈ ಕೆಲಸ ಶುರುವಾದರೆ ಯಾರಿಗೂ ಧಾವಂತವಿರುವುದಿಲ್ಲ.

ಚೀಲದೊಳಗಿನ ಚಿಗಳಿ

ಪ್ರಯಾಣದಿಂದ ಬಾಯಿ ಕೆಟ್ಟು, ಹೊಟ್ಟೆ ತೊಳಸಿದಂತಾಗಿ ಬಂದವರಿಗೆ ಸಿಹಿಗಿಂತ ಹುಳಿ ಹಿತ. ತುಮಕೂರು ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆಯೂ ಹೌದು. ಬೇಸಿಗೆಯ ಹೊಸ್ತಿಲಲ್ಲಿ ಹೊಸ ಹಣ್ಣು ಬಂದಾಗ ಚಿಗಳಿ, ಅಂದರೆ ಹುಣಸೆ ಬೆಲ್ಲ ಕುಟ್ಟಿದ ಉಂಡೆ, ಮಾಡಿದರೆ ಅದಕ್ಕೆ ಕೆಂಗಂದು ಬಣ್ಣ ಬರುತ್ತದೆ; ಹಳೆಯ ಹಣ್ಣಿನಿಂದ ಮಾಡಿದ್ದು ಕಪ್ಪಾಗಿರುತ್ತದೆ, ರುಚಿಗೇನೂ ಕೊರತೆಯಿಲ್ಲ.

ಬೀಜ, ನಾರು, ಓಡಿನ ಚೂರು ತೆಗೆದ ಹುಣಸೆಹಣ್ಣು ಒಂದೂವರೆ ಕಿಲೋ, ಅಷ್ಟೇ ತೂಕದ ಬೆಲ್ಲ, ಹುರಿದ ಜೀರಿಗೆ 75 ಗ್ರಾಂ, ಒಣಮೆಣಸಿನಕಾಯಿ ಇಪ್ಪತ್ತೈದು ಮತ್ತು ರುಚಿಗೆ ತಕ್ಕ ಉಪ್ಪು. ಇವಿಷ್ಟರಿಂದ ಗೋಲಿಗಿಂತ ಸ್ವಲ್ಪ ದೊಡ್ಡದಾದ, ತಲಾ 15 ಗ್ರಾಂ ತೂಗುವ ಸುಮಾರು 200 ಚಿಗಳಿಗಳು ಬರುತ್ತವೆ. ಅಂದರೆ ಚೀಲಕ್ಕೆ ಎರಡು. ಜೀರಿಗೆ, ಉಪ್ಪು, ಮೆಣಸಿನಕಾಯಿಗಳನ್ನು ಮೊದಲು ಪುಡಿ ಮಾಡಿಕೊಂಡು, ಒರಳಿನಲ್ಲಿ ಹುಣಸೆಹಣ್ಣನ್ನು ಹಾಕಿ ಕುಟ್ಟುತ್ತಾ ಸ್ವಲ್ಪ ಸ್ವಲ್ಪವೇ ಬೆಲ್ಲ ಸೇರಿಸಬೇಕು. ಬೆಲ್ಲ ಮೊದಲು ಹರಳು ಹರಳಾಗಿ ಸಿಗುತ್ತದೆ, ನಂತರ ಹುಣಸೆಯ ಪಸೆಗೆ ಕರಗಿ ಮುದ್ದೆ ಮಿನುಗತೊಡಗುತ್ತದೆ, ಒನಕೆಯೋ ಗುಂಡುಕಲ್ಲೋ ಎತ್ತಿದಾಗ ಮುದ್ದೆಯೂ ಜೊತೆಗೇ ಏಳುತ್ತದೆ. ಅದೇ ಹದ. ನೀರು ಒಂದು ಹನಿಯೂ ಬೇಡ. ನೀರು ಸೋಕಿದ ಚಿಗಳಿಗೆ ಬೂಷ್ಟು ಬರುತ್ತದೆ. ಮಿಕ್ಸಿಯಲ್ಲಿ ಮಾಡುವವರು ಜಾರು ಬಿಸಿಯಾಗದಂತೆ ಸ್ವಲ್ಪ ಸ್ವಲ್ಪವೇ ತಿರುವಬೇಕು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಹುಣಸೆಯ ಯಾವ ಪದಾರ್ಥವನ್ನೂ ಇಡಬಾರದು, ಸ್ಟೀಲು ಅಥವಾ ಗಾಜು ಆಗಬಹುದು.

ಅಂಗೈಗೆ ಒಂದು ತೊಟ್ಟು ಎಣ್ಣೆ ಸವರಿಕೊಂಡು ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ, ಬಟರ್ ಪೇಪರಿನಲ್ಲಿ ಸುತ್ತಿ ಬುಡದಲ್ಲಿ ದಾರ ಕಟ್ಟಿ. ಮೊದಲೆಲ್ಲ ಹಂಚಿಕಡ್ಡಿಗೇ ಸಿಕ್ಕಿಸುತ್ತಿದ್ದರು. ಈಗ ಐಸ್‌ಕ್ರೀಮ್ ಕಡ್ಡಿಗಳು ಸಿಗುತ್ತವೆ, ಚೂಪಿಲ್ಲದ್ದರಿಂದ ಮಕ್ಕಳ ಕೈಗೂ ಕೊಡಬಹುದು. ಮದುವೆಗೆ ಎರಡು ವಾರ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ.

ಕೊಬ್ಬರಿ, ಕಡಲೆಕಾಯಿಯ ಪೊಟ್ಟಣ

ಚೀಲದ ಎರಡನೆಯ ತಿನಿಸಿಗೆ ತಿಪಟೂರಿನ ಉಂಡೆ ಕೊಬ್ಬರಿಯನ್ನೇ ಆರಿಸಿಕೊಳ್ಳಿ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಗಡಗಡ ಸದ್ದು ಮಾಡುತ್ತದೆ; ಬಿಸಿಲಿನಲ್ಲಿ ಒಣಗಿಸಿದ ಬಟ್ಟಲು ಕೊಬ್ಬರಿಗಿಂತ ಇದರ ರುಚಿಯೇ ಬೇರೆ. ಕೊಳ್ಳುವಾಗ ಒಂದನ್ನು ಒಡೆಸಿ ನೋಡಿ: ಒಳಗೆ ಬೆಳ್ಳಗಿರಬೇಕು, ಕಮಟು ವಾಸನೆ ಇರಬಾರದು.

100 ಪೊಟ್ಟಣಗಳಿಗೆ ತಲಾ 60 ಗ್ರಾಮಿನಂತೆ ಒಟ್ಟು ಆರು ಕಿಲೋ: ಕಡಲೆಕಾಯಿ ಬೀಜ ಎರಡು ಕಿಲೋ, ಕೊಬ್ಬರಿ ಒಂದೂವರೆ, ಹುರಿಗಡಲೆ ಒಂದೂವರೆ, ಅಚ್ಚುಬೆಲ್ಲದ ಚೂರು ಒಂದು ಕಿಲೋ. ಪಾವಗಡ, ಶಿರಾ, ಮಧುಗಿರಿಗಳ ಕಡಲೆಕಾಯಿ ತುಮಕೂರಿನ ಮಂಡಿಪೇಟೆಯಲ್ಲಿ ಸಿಗುತ್ತದೆ. ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಮಾಡಿದಂತೆಯೇ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ತೆಳುವಾಗಿ ಹೆಚ್ಚಿ, ಬೆಲ್ಲವನ್ನೂ ಚೂರು ಮಾಡಿ, ಎರಡನ್ನೂ ಬೇರೆ ಬೇರೆಯಾಗಿ ಬಿಸಿಲಿಗೆ ಹಾಕಿ. ಕಡಲೆಕಾಯಿಯನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೂರಿ, ಪೂರ್ತಿ ಆರಿದ ಮೇಲಷ್ಟೇ ಬೆರೆಸಿ. ಬಟರ್ ಪೇಪರಿನ ಪೊಟ್ಟಣ ಗಾಳಿಯ ತೇವವನ್ನು ಪೂರ್ತಿ ತಡೆಯಲಾರದು. ಹಾಗಾಗಿ ಬೆರೆಸಿದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮದುವೆಗೆ ಮೂರು ದಿನವಿರುವಾಗ ಪೊಟ್ಟಣ ಕಟ್ಟಿದರೆ ಸಾಕು. ಕಡಲೆಕಾಯಿ ಒಗ್ಗದವರು ಇರಬಹುದು, ಆದ್ದರಿಂದ ಒಳಗೇನಿದೆ ಎಂದು ಪೊಟ್ಟಣದ ಮೇಲೆ ಬರೆಯಿರಿ. ಸಕ್ಕರೆ ಕಾಯಿಲೆಯ ಹಿರಿಯರಿಗಾಗಿ ಬೆಲ್ಲವಿಲ್ಲದ ಹತ್ತು ಪೊಟ್ಟಣ ಬೇರೆ ಕಟ್ಟಿ, ಗುರುತಿಗೆ ಬೇರೆ ಬಣ್ಣದ ದಾರ ಹಾಕಿ.

ಪಿನ್ನಿನ ಅಟ್ಟೆ, ವೇಳೆಯ ಚೀಟಿ, ಹೂವು

ಮುಹೂರ್ತದ ದಿನ ಬೆಳಿಗ್ಗೆ ಛತ್ರದ ಕೋಣೆಗಳಿಂದ ಹೆಚ್ಚಾಗಿ ಕೇಳಿಬರುವ ಮಾತು 'ಒಂದು ಪಿನ್ ಇದೆಯಾ?' ಎಂಬುದೇ. ಮಿಕ್ಕ ಲಗ್ನಪತ್ರಿಕೆಗಳ ದಪ್ಪ ಹಾಳೆಯನ್ನು ಎರಡಂಗುಲ ಮೂರಂಗುಲದ ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಆರು ಸೇಫ್ಟಿ ಪಿನ್, ನಾಲ್ಕು ಹೇರ್‌ಪಿನ್ ಸಿಕ್ಕಿಸಿ, ಸೂಜಿಗೆ ದಾರ ಪೋಣಿಸಿ ಸುತ್ತಿಡಿ. ದೇವರ ಚಿತ್ರವಿರುವ ಹಾಳೆಗಳನ್ನು ಇದಕ್ಕೆ ಬಳಸಬೇಡಿ. ಇಡೀ ಚೀಲದಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ.

ಜೊತೆಗೊಂದು ಚೀಟಿ ಬರೆಯಿರಿ. ಬಿಸಿನೀರು ಎಷ್ಟು ಗಂಟೆಯಿಂದ, ಕಾಫಿ ಎಲ್ಲಿ, ತಿಂಡಿ ಎಷ್ಟು ಹೊತ್ತಿಗೆ, ಧಾರೆ ಎಷ್ಟು ಗಂಟೆಗೆ, ಏನಾದರೂ ಬೇಕಿದ್ದರೆ ಯಾರ ಮೊಬೈಲಿಗೆ ಕರೆ ಮಾಡಬೇಕು ಎಂಬಿಷ್ಟು ಅದರಲ್ಲಿರಲಿ. ಮೊಬೈಲ್ ಸಂಖ್ಯೆ ಮದುಮಕ್ಕಳ ತಂದೆತಾಯಿಗಳದ್ದಾಗಿರಬಾರದು, ಅವರಿಗೆ ಅಂದು ಫೋನು ಎತ್ತುವ ಬಿಡುವಿರುವುದಿಲ್ಲ. ಚಿಕ್ಕಪ್ಪನದ್ದೋ ಸೋದರಮಾವನದ್ದೋ ಆಗಬಹುದು. ಮಧ್ಯಾಹ್ನವೇ ಬಂದು ಸೇರುವವರಿಗೆಂದು ಸಿದ್ಧಗಂಗೆ, ನಾಮದ ಚಿಲುಮೆ, ದೇವರಾಯನದುರ್ಗಗಳಿಗೆ ಹೋಗುವ ದಾರಿಯನ್ನೂ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನೂ ಚೀಟಿಯ ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಸೂಚಿಸಬಹುದು. ಚೀಟಿ ಕೈಬರಹದಲ್ಲಿದ್ದರೆ ಚೆಂದ. ಒಂದನ್ನು ದುಂಡಗೆ ಬರೆದು ಜೆರಾಕ್ಸ್ ಮಾಡಿಸಿದರೂ ನಡೆಯುತ್ತದೆ.

ಹೂವನ್ನು ಮಾತ್ರ ಅದೇ ದಿನ ತರಬೇಕು. ಅಂತರಸನಹಳ್ಳಿ ಮಾರುಕಟ್ಟೆಯಿಂದ ಬೆಳಿಗ್ಗೆ ಬಿಡಿಹೂವು ತಂದು ಮನೆಯಲ್ಲೇ ಕಟ್ಟಿ, ಒಂದೊಂದು ಮೊಳವನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ಚೀಲದ ಹೊರಗೆ ಲಾಡಿಗೆ ಕಟ್ಟಿ. ಒಳಗಿಟ್ಟರೆ ಅದರ ತೇವ ಪೊಟ್ಟಣಗಳಿಗೆ ತಗಲುತ್ತದೆ. ಸಣ್ಣ ಪೊಟ್ಟಣಗಳಲ್ಲಿ ಅರಿಸಿನ ಕುಂಕುಮ ಇಡಬಹುದು. ಎಲೆ ಅಡಿಕೆಯನ್ನು ಈ ಹಂತದಲ್ಲಿ ಇಡದಿರುವುದು ಲೇಸು. ಅದು ಬೀಳ್ಕೊಡುಗೆಯ ಮರ್ಯಾದೆ, ಬಂದ ಕೂಡಲೇ ಕೈಗಿತ್ತರೆ ಹೊರಡಿ ಎಂದಂತಾದೀತು.

ಲೆಕ್ಕ ಮತ್ತು ಹಂಚಿಕೆ

ಚೀಲಗಳನ್ನು ತಲೆ ಎಣಿಸಿ ಮಾಡುವುದಕ್ಕಿಂತ ಕುಟುಂಬಕ್ಕೊಂದರಂತೆ ಮಾಡುವುದು ಸರಿ. ಮಕ್ಕಳಿರುವ ಕುಟುಂಬಕ್ಕೆ ಚಿಗಳಿ, ಹೆಂಗಸರು ಹೆಚ್ಚಿರುವ ಕಡೆಗೆ ಹೂವು ಹೆಚ್ಚಿಗೆ ಹಾಕಿದರಾಯಿತು. ಉಳಿಯುವ ನೆಂಟರ ಪಟ್ಟಿಯನ್ನು ಕೋಣೆಯ ಸಂಖ್ಯೆಯೊಡನೆ ಬರೆದು, ಮನೆಯ ಇಬ್ಬರು ಹುಡುಗ ಹುಡುಗಿಯರಿಗೆ ಒಪ್ಪಿಸಿ. ಚೀಲವನ್ನು ಮೊದಲೇ ಮಂಚದ ಮೇಲೆ ಇಟ್ಟು ಬರಬಾರದು. ನೆಂಟರು ಬಂದ ಮೇಲೆ 'ಬನ್ನಿ ದೊಡ್ಡಮ್ಮ, ಪ್ರಯಾಣ ಹೇಗಾಯ್ತು?' ಎಂದು ವಿಚಾರಿಸಿ ಕೈಗೆ ಕೊಡಬೇಕು. ನಾಳೆ ಹೊರಡುವಾಗ ಇದೇ ಚೀಲವನ್ನು ತಾಂಬೂಲಕ್ಕೆ ತನ್ನಿ ಎಂಬ ಮಾತನ್ನೂ ಆಗಲೇ ಹೇಳಿಬಿಡಬೇಕು, ಚೀಟಿಯಲ್ಲಿಯೂ ಬರೆದಿರಬೇಕು. ಮರೆತು ಪೆಟ್ಟಿಗೆಗೆ ಹಾಕಿಕೊಂಡವರಿಗಾಗಿ ತಾಂಬೂಲದ ಮೇಜಿನ ಬಳಿ ಹತ್ತಿಪ್ಪತ್ತು ಖಾಲಿ ಚೀಲಗಳು ಇರಲಿ.

ಅಡುಗೆಯವರು, ಓಲಗದವರು, ಛತ್ರದ ಕಾವಲಿನವರು ಮತ್ತು ಕಸ ಗುಡಿಸುವವರಿಗೆ ಸಲ್ಲಬೇಕಾದ ಚೀಲಗಳನ್ನು ಉಳಿದದ್ದರಲ್ಲಿ ಹೊಂದಿಸಲು ಹೋಗದೆ, ಬಟ್ಟೆ ಕೊಳ್ಳುವ ದಿನವೇ ಲೆಕ್ಕಕ್ಕೆ ಸೇರಿಸಿ. ಅವರಿಗೆ ಆರತಕ್ಷತೆಯ ರಾತ್ರಿಯೇ ಕೊಟ್ಟುಬಿಡಿ, ಮರುದಿನ ಮುಹೂರ್ತದ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.