ಕೆಲಸವಿಲ್ಲದಾಗ ಸಾಯುತ್ತಿದ್ದ ನಮ್ಮ ಮನೆಯ ಸರ್ವರ್: ನನ್ನ ಅನುಭವ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪದ ನಮ್ಮ ಮನೆಯಲ್ಲಿರುವ ಸರ್ವರ್ ಹೊಸದೇನಲ್ಲ. 2017ರಲ್ಲಿ ಬಂದ ಮೊದಲ ತಲೆಮಾರಿನ ರೈಜನ್ 5 1600 ಪ್ರೊಸೆಸರ್, 16 ಜಿಬಿ ರ‍್ಯಾಮ್, ರೇಡ್ 1ರಲ್ಲಿ (ಒಂದೇ ಮಾಹಿತಿ ಎರಡರಲ್ಲೂ ಇರುವಂತೆ) ಜೋಡಿಸಿದ 4 ಟಿಬಿಯ ಎರಡು ಹಾರ್ಡ್ ಡಿಸ್ಕ್, ಮೇಲೆ ಡೆಬಿಯನ್ ಲಿನಕ್ಸ್. ತೋಟದ ಲೆಕ್ಕ, ದಿನದಿನದ ಮಳೆಯ ದಾಖಲೆ ಮತ್ತು ಮನೆಯವರೆಲ್ಲರ ಫೋಟೊ ಅದರಲ್ಲಿವೆ. ಸೆಕೆಂಡ್ ಹ್ಯಾಂಡ್ ಬಿಡಿಭಾಗಗಳಿಂದ ಮೇ ತಿಂಗಳಲ್ಲಿ ಜೋಡಿಸಿದ ಈ ಯಂತ್ರ, ಜೂನ್‌ನಿಂದ ವಾರಕ್ಕೆ ಒಂದೆರಡು ಸಲ ಯಾವ ಸುಳಿವನ್ನೂ ಕೊಡದೆ ಸಾಯತೊಡಗಿತು.

ಯಂತ್ರ ತನ್ನ ಆಗುಹೋಗು ಬರೆದಿಡುವ ಲಾಗ್‌ನಲ್ಲಿ ಏನೂ ಇರುತ್ತಿರಲಿಲ್ಲ. ರಾತ್ರಿ ಎರಡೂವರೆಯ ಒಂದು ಮಾಮೂಲಿ ಸಾಲು, ಅದರ ಕೆಳಗೆ ಬೆಳಿಗ್ಗೆ ನಾನು ಬಟನ್ ಒತ್ತಿದ ಮೇಲಿನ ಸಾಲು, ಅಷ್ಟೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹನ್ನೊಂದು ಗಂಟೆ ಓಡಿಸಿದರೂ ಒಂದು ತಪ್ಪೂ ಸಿಗಲಿಲ್ಲ. ಆದರೂ ರ‍್ಯಾಮ್ ಬದಲಿಸಿದೆ, ಸುಮಾರು 3,000 ರೂಪಾಯಿ. ಡೆಬಿಯನ್ ಇದ್ದ ಎಸ್‌ಎಸ್‌ಡಿ ಬದಲಿಸಿ ಅದನ್ನು ಹೊಸದಾಗಿ ಹಾಕಿದೆ, ಎರಡರಿಂದಲೂ ಗುಣವಾಗಲಿಲ್ಲ. ಹಾಸನದ ಅಂಗಡಿಯೊಂದರವರು ಎಸ್‌ಎಂಪಿಎಸ್ (ಯಂತ್ರದೊಳಗಿನ ಪವರ್ ಸಪ್ಲೈ) ಹೋಗಿದೆ ಎಂದು ಖಚಿತವಾಗಿ ಹೇಳಿ 1,400ಕ್ಕೆ ಒಂದನ್ನು ಕೊಟ್ಟರು; ಐದನೆಯ ರಾತ್ರಿಯೇ ಯಂತ್ರ ಮತ್ತೆ ನಿಂತಿತು. ಹಾಸನದಲ್ಲೇ ಇರುವ ನಮ್ಮ ಭಾವನವರು, “ಮಲೆನಾಡಿನ ಕರೆಂಟಿಗೂ ಶೀತಕ್ಕೂ ಸರ್ವರ್ ಬಾಳಿಕೆ ಬರೋದಿಲ್ಲ, ಮಾರಿ ಕ್ಲೌಡಿಗೆ ದುಡ್ಡು ಕಟ್ಟಿ” ಎಂದರು. ಅವರು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕೆಲಸದಲ್ಲೇ ಇರುವವರಾದ್ದರಿಂದ ಮನೆಯಲ್ಲಿ ಎಲ್ಲರೂ ಅವರ ಮಾತನ್ನೇ ನಂಬಿದರು.

ಶೀತದ ಮಾತನ್ನು ನಾನೂ ಪರೀಕ್ಷಿಸದೆ ಬಿಡಲಿಲ್ಲ. ಜುಲೈಯಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರು ನಮ್ಮದು. ಸರ್ವರ್ ಇರುವ ಗೂಡಿನಲ್ಲಿ 15 ವ್ಯಾಟ್‌ನ ಹಳೆಯ ಬಲ್ಬ್ ಉರಿಸಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ರ‍್ಯಾಮ್‌ನ ಕಾಲುಗಳನ್ನು ರಬ್ಬರ್‌ನಿಂದ ಉಜ್ಜಿ ನೋಡಿದೆ. ತೇವಾಂಶ ತೊಂಬತ್ತರ ಆಸುಪಾಸಿನಿಂದ ಅರುವತ್ತೈದಕ್ಕೆ ಇಳಿಯಿತು, ಸಾವಿನ ಲೆಕ್ಕ ಮಾತ್ರ ಇಳಿಯಲಿಲ್ಲ. ಬಲ್ಬ್ ಈಗಲೂ ಮಳೆಗಾಲದಲ್ಲಿ ಉರಿಯುತ್ತದೆ, ಹಾರ್ಡ್ ಡಿಸ್ಕ್‌ಗಳಿಗೆ ಅದು ಒಳ್ಳೆಯದೆಂಬ ನಂಬಿಕೆ ನನ್ನದು.

ನಾನು ಮಾಡಿದ ದೊಡ್ಡ ತಪ್ಪು ಅಕ್ಟೋಬರ್‌ನಲ್ಲಿ ವಾಚ್‌ಡಾಗ್ ಹಾಕಿದ್ದು. ಯಂತ್ರ ಸ್ತಬ್ಧವಾದರೆ ಅದೇ ರೀಸ್ಟಾರ್ಟ್ ಮಾಡುತ್ತದೆ, ನಾನು ಏಳಬೇಕಾಗಿಲ್ಲ ಎಂದು ನೆಮ್ಮದಿಯಿಂದಿದ್ದೆ. ನವೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾದ ಮೇಲೆ ಸರ್ವರ್ ದಿನಕ್ಕೆ ಎರಡು ಸಲ ರೀಸ್ಟಾರ್ಟ್ ಆಗತೊಡಗಿತು. ಸ್ತಬ್ಧವಾಗಿ ವಾಚ್‌ಡಾಗ್ ಎಬ್ಬಿಸಿದ್ದು ಯಾವುದು, ತಾನಾಗಿಯೇ ರೀಸ್ಟಾರ್ಟ್ ಆದದ್ದು ಯಾವುದು ಎಂದು ತಿಳಿಯುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ. ಎರಡು ತಿಂಗಳು ಹಾಗೆಯೇ ಕಳೆದುಹೋಯಿತು. ಡಿಸೆಂಬರ್ ನಡುವೆ ವಾಚ್‌ಡಾಗ್ ತೆಗೆದುಹಾಕಿ, ಇದು ಒಂದೇ ಕಾಯಿಲೆಯಲ್ಲ, ಎರಡಿರಬಹುದು ಎಂದುಕೊಂಡು ಮತ್ತೆ ಮೊದಲಿನಿಂದ ಲೆಕ್ಕ ಹಿಡಿದೆ.

ಸ್ನೇಹಿತರಿಂದ ಯುಎಸ್‌ಬಿ ಇರುವ ಯುಪಿಎಸ್ ಒಂದನ್ನು ಎರವಲು ತಂದೆ. ಅದಕ್ಕೆ ಸರ್ವರ್ ಕಟ್ಟಲಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮತ್ತು ರೌಟರ್ ಮಾತ್ರ ಕಟ್ಟಿ, ಅದನ್ನು ವೋಲ್ಟೇಜ್ ಓದುವ ಮೀಟರ್‌ನಂತೆ ಬಳಸಿದೆ. ಪೈ ಸರ್ವರನ್ನು ಪಿಂಗ್ ಮಾಡುತ್ತಾ, ಅಂದರೆ ಬದುಕಿದೆಯೇ ಎಂದು ಕೇಳುತ್ತಾ, ವೋಲ್ಟೇಜನ್ನೂ ಬರೆದುಕೊಳ್ಳುತ್ತಿತ್ತು. ಸರ್ವರ್ ತನ್ನ ಕೊನೆಯ ಮಾತುಗಳನ್ನು ನೆಟ್‌ಕನ್ಸೋಲ್ ಎಂಬ ಸೌಲಭ್ಯದಿಂದ ನೆಟ್‌ವರ್ಕ್ ಮೂಲಕ ಪೈಗೆ ಕಳುಹಿಸುವಂತೆ ಮಾಡಿದೆ. ಸತ್ತದ್ದು ಯಾವ ಬಗೆಯ ಸಾವು ಎಂದು ಪೈ ತಾನೇ ಗುರುತಿಸಿ ನನ್ನ ಫೋನಿಗೆ ತಿಳಿಸುವ ಸ್ಕ್ರಿಪ್ಟ್ ಒಂದನ್ನೂ ಬರೆದಿದ್ದೇನೆ.

ಹತ್ತು ದಿನದಲ್ಲಿ ಲೆಕ್ಕ ಸ್ಪಷ್ಟವಾಯಿತು. ರೀಸ್ಟಾರ್ಟ್‌ಗಳೆಲ್ಲ ಸಂಜೆ ನಾಲ್ಕರಿಂದ ಏಳರ ಒಳಗೆ, ಪಕ್ಕದ ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶುರುವಾಗುವ ಕ್ಷಣಕ್ಕೆ ಸರಿಯಾಗಿ. ಮೋಟಾರ್ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 205ರಲ್ಲಿದ್ದ ವೋಲ್ಟೇಜ್ ಒಂದೆರಡು ಸೆಕೆಂಡು 145ಕ್ಕೆ ಇಳಿಯುತ್ತಿತ್ತು, ನನ್ನ ಅಗ್ಗದ ಎಸ್‌ಎಂಪಿಎಸ್‌ಗೆ ಅದನ್ನು ತಾಳುವ ಶಕ್ತಿ ಇರಲಿಲ್ಲ. ಮನೆಗೆ ಇನ್ವರ್ಟರ್ ಇದೆಯಲ್ಲ ಎನ್ನಬಹುದು. ಅದರ ಹಿಂಬದಿಯ ಸ್ವಿಚ್ ನಾರ್ಮಲ್ ಮೋಡ್‌ನಲ್ಲಿತ್ತು, ಅಂದರೆ 100 ವೋಲ್ಟ್‌ವರೆಗೂ ಬಂದದ್ದನ್ನು ಬಂದಂತೆಯೇ ಒಳಗೆ ಬಿಡುತ್ತಿತ್ತು. ಯುಪಿಎಸ್ ಮೋಡ್‌ಗೆ ತಿರುಗಿಸಿದೆ. 180ರ ಕೆಳಗೆ ಇಳಿದೊಡನೆ ಬ್ಯಾಟರಿಗೆ ಹೋಗುತ್ತದೆ. ಒಂದು ಪೈಸೆಯ ಖರ್ಚಿಲ್ಲದೆ ರೀಸ್ಟಾರ್ಟ್ ಪೂರ್ತಿ ನಿಂತಿತು.

ಅದಾದ ನಾಲ್ಕನೆಯ ರಾತ್ರಿ ಯಂತ್ರ ಮತ್ತೆ ಸ್ತಬ್ಧವಾಯಿತು. “ನಾನು ಹೇಳಲಿಲ್ವಾ” ಎಂದು ಭಾವನವರು ಫೋನ್ ಮಾಡಿದರು. ಆದರೆ ಪೈ ಹತ್ತಿರ ವೋಲ್ಟೇಜ್ 228 ಎಂದು ದಾಖಲಾಗಿತ್ತು, ನೆಟ್‌ಕನ್ಸೋಲ್‌ನಲ್ಲಿ ಒಂದಕ್ಷರವೂ ಬಂದಿರಲಿಲ್ಲ; ಡೆಬಿಯನ್‌ನ ತಿರುಳಾದ ಕರ್ನಲ್‌ಗೆ ಬಾಯಿ ತೆರೆಯುವಷ್ಟು ಸಮಯವೂ ಸಿಕ್ಕಿರಲಿಲ್ಲವೆಂದಾಯಿತು. ಜೂನ್‌ನಿಂದ ಬರೆದಿಟ್ಟ ಸ್ತಬ್ಧತೆಯ ವೇಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲವೂ ಯಾರೂ ಸರ್ವರ್ ಬಳಸದ ಹೊತ್ತಿನವು. ಶನಿವಾರ ಕಳೆದು ತಿಂಗಳ ಮೊದಲ ಭಾನುವಾರ ಹುಟ್ಟುವ ರಾತ್ರಿ ಮಾತ್ರ ಒಮ್ಮೆಯೂ ಸತ್ತಿರಲಿಲ್ಲ. ಡೆಬಿಯನ್ ರೇಡ್ ತಪಾಸಣೆ ಮಾಡುವುದು ಅದೇ ರಾತ್ರಿ, ಒಂದು ಗಂಟೆಗೆ ಮೂರು ನಿಮಿಷ ಇರುವಾಗ. ಕೆಲಸವಿದ್ದರೆ ಬದುಕುತ್ತದೆ, ಸುಮ್ಮನಿದ್ದರೆ ಸಾಯುತ್ತದೆ.

ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ಪ್ರೊಸೆಸರ್‌ನ ಒಂದು ಕೋರ್‌ಗೆ ರಾತ್ರಿಯಿಡೀ ಸುಮ್ಮನೆ ಲೆಕ್ಕ ಮಾಡುವ ಕೆಲಸ ಕೊಟ್ಟೆ. ಹದಿನಾರು ರಾತ್ರಿ ನಿಲ್ಲಲಿಲ್ಲ. ಕೆಲಸ ತೆಗೆದೆ, ಮೂರನೆಯ ರಾತ್ರಿ ನಿಂತಿತು. ಮತ್ತೆ ಕೊಟ್ಟೆ, ಮತ್ತೆ ಬದುಕಿತು. ಮೊದಲ ತಲೆಮಾರಿನ ರೈಜನ್‌ಗಳು ಸಿ6 ಎಂಬ ಆಳವಾದ ನಿದ್ರೆಗೆ ಹೋದಾಗ ಎಳೆಯುವ ಕರೆಂಟ್ ತೀರ ಕಡಿಮೆ, ಕೆಲವು ಜೋಡಣೆಗಳಲ್ಲಿ ಆ ನಿದ್ರೆಯಿಂದ ಏಳುವುದೇ ಇಲ್ಲ. ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಇದಕ್ಕೆಂದೇ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬ ಆಯ್ಕೆಯಿದೆ. ಅದನ್ನು ಟಿಪಿಕಲ್ ಕರೆಂಟ್ ಐಡಲ್ ಎಂದು ಇಡಬೇಕು. ನನ್ನ ಹಳೆಯ ಬಯಾಸ್‌ನಲ್ಲಿ ಆ ಸಾಲೇ ಇರಲಿಲ್ಲವಾದ್ದರಿಂದ, ಪಲ್ಪರ್ ಓಡದ ದಿನ ನೋಡಿ, ಇನ್ವರ್ಟರ್ ಬ್ಯಾಟರಿ ತುಂಬಿಸಿಕೊಂಡು ಅಪ್‌ಡೇಟ್ ಮಾಡಿದೆ. ಆ ನಾಲ್ಕು ನಿಮಿಷ ನಾನು ಕುರ್ಚಿಯಿಂದ ಏಳಲಿಲ್ಲ. ಮುಗಿದ ಮೇಲೆ ಆ ಆಯ್ಕೆಯನ್ನು ಬದಲಿಸಿದೆ.

ಅದು ಜನವರಿ ಕೊನೆಯ ವಾರ. ಈಗ ಆಗಸ್ಟ್. ಏಪ್ರಿಲ್‌ನಲ್ಲಿ ಗುಡುಗು ಬಂದಾಗಲೆಲ್ಲ ನಾನೇ ಆಫ್ ಮಾಡಿ ಪ್ಲಗ್ ತೆಗೆದದ್ದನ್ನು ಬಿಟ್ಟರೆ ಸರ್ವರ್ ಒಮ್ಮೆಯೂ ನಿಂತಿಲ್ಲ. ಸುಮ್ಮನಿದ್ದಾಗ 38 ವ್ಯಾಟ್ ಎಳೆಯುತ್ತಿದ್ದದ್ದು ಈಗ 43ರ ಹತ್ತಿರ ಎಳೆಯುತ್ತದೆ, ತಿಂಗಳಿಗೆ ಮೂರೂವರೆ ಯೂನಿಟ್ ಹೆಚ್ಚು. ಕಳೆದ ವಾರ ಭಾವನವರು ತಮ್ಮ ಮನೆಯ ಫೋಟೊಗಳಿಗೂ ಇದರಲ್ಲೇ ಜಾಗ ಕೇಳಿದರು. 300 ಜಿಬಿ ಕೊಟ್ಟಿದ್ದೇನೆ.