ಬುಕ್‌ಮಾರ್ಕ್ ಜಾಡು ಹಿಡಿದು ಒಳ್ಳೆ ವೆಬ್ ಡೆವಲಪರ್‌ಗಳನ್ನು ಹುಡುಕುವುದು: ನನ್ನ ಅನುಭವ

ವೆಬ್ ಡೆವಲಪ್‌ಮೆಂಟ್‌ನಲ್ಲಿ ಯಾರನ್ನು ಫಾಲೋ ಮಾಡಬೇಕು ಅಂತ ಕೇಳಿದರೆ ಎಲ್ಲರೂ ಅದೇ ನಾಲ್ಕು ಹೆಸರು ಹೇಳುತ್ತಾರೆ. ಒಳ್ಳೆಯ ಹೆಸರುಗಳೇ, ತಕರಾರಿಲ್ಲ. ಆದರೆ ಅವರು ಬರೆದದ್ದು ಹೇಗಿದ್ದರೂ ಕಣ್ಣಿಗೆ ಬೀಳುತ್ತದೆ. ನನಗೆ ಬೇಕಿದ್ದವರು ಬೇರೆ ಥರದವರು. ದಿನಾ ಕೋಡ್ ಬರೆಯುವವರು, ಜಾಸ್ತಿ ಮಾತಾಡದವರು, ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದನ್ನಷ್ಟೇ ಎತ್ತಿಟ್ಟುಕೊಳ್ಳುವವರು. ಅಂಥವರು ನನಗೆ ಸಿಕ್ಕಿದ್ದು ಸೋಷಿಯಲ್ ಬುಕ್‌ಮಾರ್ಕಿಂಗ್ ಸೈಟುಗಳಲ್ಲಿ, ಅಂದರೆ ಬೇಕಾದ ಲಿಂಕ್‌ಗಳನ್ನು ಬೇರೆಯವರಿಗೂ ಕಾಣುವಂತೆ ಉಳಿಸಿಡುವ ಸೈಟುಗಳಲ್ಲಿ. ಸೋಷಿಯಲ್ ಮೀಡಿಯಾದಲ್ಲಿ ಲಿಂಕ್ ಹಂಚುವವರು ನಾಲ್ಕು ಜನ ನೋಡಲಿ ಅಂತ ಹಂಚುತ್ತಾರೆ. ಬುಕ್‌ಮಾರ್ಕ್ ಮಾಡುವವರು ನಾಳೆ ತಮಗೇ ಬೇಕಾಗುತ್ತದೆ ಅಂತ ಎತ್ತಿಡುತ್ತಾರೆ. ಅಲ್ಲಿ ಶೋಕಿ ಕಡಿಮೆ.

ಈ ಬಗೆಯ ಸೈಟುಗಳನ್ನು ಜನಕ್ಕೆ ರೂಢಿ ಮಾಡಿಸಿದ್ದು 2003ರಲ್ಲಿ ಬಂದ ಡೆಲಿಷಸ್. 2005ರಲ್ಲಿ ಯಾಹೂ ಅದನ್ನು ಕೊಂಡಿತು. ಆಮೇಲೆ ಕೈಯಿಂದ ಕೈಗೆ ಹೋಗಿ, 2017ರಲ್ಲಿ ಇದೇ ಬಗೆಯ ಇನ್ನೊಂದು ಸೈಟಾದ ಪಿನ್‌ಬೋರ್ಡ್ ಪಾಲಾಯಿತು. ನಾನು ಹೆಚ್ಚು ಬಳಸುವುದು ಪಿನ್‌ಬೋರ್ಡನ್ನೇ. ನೋಡಲು ಸಪ್ಪೆ, ಆದರೆ ಕೆಲಸ ಚುರುಕು. ಆಗಾಗ ಡೀಗೋ ಕೂಡ ನೋಡುತ್ತೇನೆ. ಸೈಟ್ ಯಾವುದಾದರೂ ವಿಧಾನ ಒಂದೇ.

ಹುಡುಕಾಟವನ್ನು ನಾನು ವ್ಯಕ್ತಿಯಿಂದ ಶುರು ಮಾಡುವುದಿಲ್ಲ, ಲಿಂಕಿನಿಂದ ಶುರು ಮಾಡುತ್ತೇನೆ. ನನ್ನ ಕಷ್ಟವನ್ನು ನಿಜವಾಗಿ ಬಗೆಹರಿಸಿದ ಒಂದು ಪುಟ ಬೇಕು, ಅದು ತುಂಬಾ ಹೆಸರುವಾಸಿ ಆಗಿರಬಾರದು. ಪಿನ್‌ಬೋರ್ಡ್‌ನಲ್ಲಿ ಪ್ರತಿ ಬುಕ್‌ಮಾರ್ಕ್ ಪಕ್ಕ ಅದನ್ನು ಎಷ್ಟು ಜನ ಉಳಿಸಿದ್ದಾರೆ ಎಂಬ ಸಂಖ್ಯೆ ಇರುತ್ತದೆ. ಅದನ್ನು ಒತ್ತಿದರೆ ಯಾರ್‍ಯಾರು ಉಳಿಸಿದ್ದಾರೆ ಎಂಬ ಪಟ್ಟಿ ಬರುತ್ತದೆ. ಸಾವಿರಾರು ಜನ ಉಳಿಸಿದ ಪುಟ ಇದಕ್ಕೆ ಬರುವುದಿಲ್ಲ. ಪಾಪ್ಯುಲರ್ ಪುಟದಲ್ಲಿ ಕಂಡಿತು ಅಂತ ಸುಮ್ನೆ ಒತ್ತಿದವರೇ ಅಲ್ಲಿ ತುಂಬಿರುತ್ತಾರೆ. ಹತ್ತಿಪ್ಪತ್ತು ಜನ ಉಳಿಸಿದ ಪುಟ ಸಿಕ್ಕರೆ ಅದೇ ಚಿನ್ನ.

ಒಂದು ಉದಾಹರಣೆ ಹೇಳುತ್ತೇನೆ. ವೆಬ್ ಪುಟದ ರೂಪ ತಿದ್ದುವ ಸಿಎಸ್‌ಎಸ್ ಭಾಷೆಯಲ್ಲಿ ಐಟಮ್‌ಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಬಳಸಿದವರಿಗೆಲ್ಲ ಒಂದು ಕಾಟ ಗೊತ್ತಿರುತ್ತದೆ. ಒಂದು ಕಾಲಮ್‌ನಲ್ಲಿ ಉದ್ದನೆಯ ಕೋಡ್ ಸಾಲು ಬಂದರೆ ಅದು ಕುಗ್ಗುವುದೇ ಇಲ್ಲ, ಇಡೀ ಲೇಔಟ್ ಪಕ್ಕಕ್ಕೆ ಉಕ್ಕಿ ಹೋಗುತ್ತದೆ. ಕಾರಣ ಇಷ್ಟೇ: ಫ್ಲೆಕ್ಸ್ ಒಳಗಿನ ಐಟಮ್‌ಗೆ ಮಿನ್-ವಿಡ್ತ್ (ಕನಿಷ್ಠ ಅಗಲ) ತಾನಾಗಿಯೇ ‘ಆಟೋ’ ಆಗಿರುತ್ತದೆ, ಹಾಗಾಗಿ ಒಳಗಿರುವ ವಿಷಯಕ್ಕಿಂತ ಚಿಕ್ಕದಾಗಲು ಅದು ಒಪ್ಪುವುದಿಲ್ಲ. ಸೊನ್ನೆ ಅಂತ ಬರೆದರೆ ಸರಿಹೋಗುತ್ತದೆ. ಇದನ್ನು ವಿವರಿಸುವ ಒಂದು ಪುಟವನ್ನು ಯಾರು ಉಳಿಸಿದ್ದಾರೆ ಅಂತ ನೋಡಿದೆ. ಹೆಚ್ಚಿನವರು ‘ಸಿಎಸ್‌ಎಸ್’ ಅಂತ ಒಂದೇ ಟ್ಯಾಗ್ (ಲಿಂಕಿಗೆ ಅಂಟಿಸುವ ಗುರುತಿನ ಪದ) ಹಾಕಿ ಬಿಟ್ಟಿದ್ದರು. ಒಬ್ಬರು ಮಾತ್ರ ಕೆಳಗೆ ಚಿಕ್ಕ ಟಿಪ್ಪಣಿ ಬರೆದಿದ್ದರು: ಕಾಲಮ್ ಕುಗ್ಗದಿದ್ದರೆ ಮೊದಲು ಇದನ್ನು ನೋಡು, ಗ್ರಿಡ್‌ನಲ್ಲೂ (ಸಿಎಸ್‌ಎಸ್‌ನ ಇನ್ನೊಂದು ಲೇಔಟ್ ವಿಧಾನ) ಇದೇ ಕಥೆ. ಟ್ಯಾಗ್‌ಗಳಲ್ಲಿ ‘ಓವರ್‌ಫ್ಲೋ’, ‘ಡೀಬಗ್’ ಇದ್ದವು. ಈ ಮನುಷ್ಯ ಅದೇ ಗುಂಡಿಗೆ ಬಿದ್ದು ಎದ್ದು ಬಂದವನು ಅಂತ ಆ ಟಿಪ್ಪಣಿ ನೋಡಿದರೆ ಗೊತ್ತಾಗುತ್ತದೆ, ಅಲ್ವಾ? ಗ್ರಿಡ್ ವಿಷಯ ಆ ಪುಟದಲ್ಲಿ ಇರಲೇ ಇಲ್ಲ, ಅದು ಅವರ ಸ್ವಂತ ಅನುಭವ. ನಾನು ಫಾಲೋ ಮಾಡುವುದು ಇಂಥವರನ್ನೇ. ಹೆಸರು, ಫೋಟೋ, ಕಂಪನಿ ಯಾವುದೂ ಬೇಕಿಲ್ಲ.

ಇಂಥ ಖಾತೆ ಸಿಕ್ಕಾಗ ಅವರ ಹಳೆಯ ಬುಕ್‌ಮಾರ್ಕ್‌ಗಳನ್ನು ಒಂದಷ್ಟು ಕೆಳಗೆ ಎಳೆದು ನೋಡುತ್ತೇನೆ. ನನಗೆ ಮೊದಲೇ ಗೊತ್ತಿರುವ ಲಿಂಕ್‌ಗಳೇ ತುಂಬಿದ್ದರೆ ರುಚಿ ಒಂದೇ, ಆದರೆ ಹೊಸದೇನೂ ಸಿಗುವುದಿಲ್ಲ. ಏನೂ ಹೊಂದದಿದ್ದರೆ ಅವರ ಕೆಲಸವೇ ಬೇರೆ. ಸ್ವಲ್ಪ ಪರಿಚಿತ, ಹೆಚ್ಚು ಅಪರಿಚಿತ, ಈ ಹದ ಇರಬೇಕು. ತಾರೀಖುಗಳನ್ನೂ ನೋಡುತ್ತೇನೆ. ಆಮೇಲೆ ಎಲ್ಲರ ಬಾಯಲ್ಲಿ ಬಂದ ಪುಟವನ್ನು ಇವರು ಮೊದಲೇ ಉಳಿಸಿದ್ದರೆ ಕಿವಿ ನೆಟ್ಟಗಾಗುತ್ತದೆ.

ಎಲ್ಲಾ ಖಾತೆಗಳ ಹಿಂದೆ ಮನುಷ್ಯರು ಇರುವುದಿಲ್ಲ ಅನ್ನುವುದು ಬೇರೆ ಮಾತು. ‘ಐಎಫ್‌ಟಿಟಿಟಿ’ ಎಂಬ ಟ್ಯಾಗ್ ಸಾಲುಸಾಲಾಗಿ ಕಂಡರೆ ಯಾವುದೋ ಆಟೋಮೇಷನ್ ಲಿಂಕ್‌ಗಳನ್ನು ತಂದು ಸುರಿಯುತ್ತಿದೆ ಅಂತ ಅರ್ಥ. ಒಂದೇ ಗಂಟೆಯಲ್ಲಿ ಮೂವತ್ತು ಲಿಂಕ್ ಉಳಿಸಿದವರು ಒಂದನ್ನೂ ಓದಿರುವುದಿಲ್ಲ. ‘ಆಮೇಲೆ ಓದಬೇಕು’ ಅನ್ನುವ ಟ್ಯಾಗೇ ತುಂಬಿದ್ದರೂ ಅಷ್ಟೇ, ಅದು ಆಸೆಯ ಪಟ್ಟಿ.

ನನಗೆ ಹೆಚ್ಚು ಫಲ ಕೊಟ್ಟದ್ದು ‘ವಯಾ’ ಟ್ಯಾಗ್. ಲಿಂಕ್ ಯಾರಿಂದ ಸಿಕ್ಕಿತು ಅಂತ ಗುರುತು ಹಾಕುವ ಹಳೆಯ ರೂಢಿ ಅದು. ‘ವಯಾ’, ನಂತರ ಕೋಲನ್, ನಂತರ ಅವರ ಯೂಸರ್‌ನೇಮ್. ಒಬ್ಬರ ಟ್ಯಾಗ್ ಪಟ್ಟಿಯಲ್ಲಿ ಯಾವ ‘ವಯಾ’ ಹೆಸರು ಪದೇಪದೇ ಬರುತ್ತದೆ ಅಂತ ನೋಡಿ ಆ ಖಾತೆಗೆ ಹೋಗುತ್ತೇನೆ. ಅಲ್ಲಿಂದ ಅವರ ‘ವಯಾ’. ಹೀಗೆ ಎರಡು ಮೂರು ಹೆಜ್ಜೆ ಹೋದರೆ ಸಾಕು, ಬೇರೆಯವರು ಹಂಚುವ ಲಿಂಕ್‌ಗಳನ್ನು ಮೊದಲು ಹೆಕ್ಕಿ ತರುವವರು ಸಿಗುತ್ತಾರೆ. ಈ ಶಿಸ್ತು ಹೇಗಿರಬೇಕು ಅಂತ ನೋಡಬೇಕಿದ್ದರೆ ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ ಫ್ರೇಮ್‌ವರ್ಕ್ ಕಟ್ಟಿದವರಲ್ಲಿ ಒಬ್ಬರಾದ ಸೈಮನ್ ವಿಲಿಸನ್ ಅವರ ಲಿಂಕ್ ಸಂಗ್ರಹ ನೋಡಿ. ಪ್ರತಿ ಲಿಂಕ್ ಜೊತೆ ಅದು ಯಾಕೆ ಮುಖ್ಯ ಅಂತ ಬರೆಯುತ್ತಾರೆ, ಯಾರಿಂದ ಸಿಕ್ಕಿತು ಅನ್ನುವುದನ್ನೂ ಹೇಳುತ್ತಾರೆ.

ಫಾಲೋ ಮಾಡುವುದಕ್ಕೆ ಸೈಟಿನ ನೆಟ್‌ವರ್ಕ್ ಪುಟ ಇದೆ, ಆದರೆ ನಾನು ಆರ್‌ಎಸ್‌ಎಸ್ ಹಾಕಿಕೊಳ್ಳುತ್ತೇನೆ, ಅಂದರೆ ಹೊಸದು ಬಂದಾಗೆಲ್ಲ ನನ್ನ ರೀಡರ್‌ಗೆ ತಾನಾಗಿ ತಲುಪಿಸುವ ಫೀಡ್. ಪಿನ್‌ಬೋರ್ಡ್‌ನಲ್ಲಿ ಒಬ್ಬರ ಒಂದೇ ಟ್ಯಾಗ್‌ಗೂ ಬೇರೆ ಫೀಡ್ ಸಿಗುತ್ತದೆ. ಅವರ ಅಡುಗೆ, ರಾಜಕೀಯ, ಸೈಕಲ್ ಲಿಂಕ್‌ಗಳೆಲ್ಲ ನನಗೆ ಬೇಡ. ಅವರ ‘ಆ್ಯಕ್ಸೆಸಿಬಿಲಿಟಿ’ ಟ್ಯಾಗ್ ಮಾತ್ರ ಬೇಕು ಅಂದರೆ ಅಷ್ಟನ್ನೇ ತರಿಸಿಕೊಳ್ಳಬಹುದು. ಇದೊಂದು ಅನುಕೂಲ ಬೇರೆ ಕಡೆ ನನಗೆ ಸಿಕ್ಕಿಲ್ಲ.

ಆಗಾಗ ಪಟ್ಟಿ ಕತ್ತರಿಸುತ್ತೇನೆ. ಜನ ಕೆಲಸ ಬದಲಿಸುತ್ತಾರೆ, ಸಿಎಸ್‌ಎಸ್ ಉಳಿಸುತ್ತಿದ್ದವರು ಇದ್ದಕ್ಕಿದ್ದಂತೆ ಡೇಟಾಬೇಸ್ ಟ್ಯೂನಿಂಗ್ ಉಳಿಸಲು ಶುರು ಮಾಡುತ್ತಾರೆ. ಆಗ ಅವರ ಹಳೆಯ ಟ್ಯಾಗ್ ಫೀಡ್ ತಾನಾಗಿ ಬತ್ತುತ್ತದೆ. ಅದನ್ನು ತೆಗೆಯುವ ಮುಂಚೆ ಅವರ ಕೊನೆಯ ‘ವಯಾ’ ಹೆಸರುಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಮುಂದಿನ ಹುಡುಕಾಟಕ್ಕೆ ಅವೇ ಸಾಕು.