ಕೊಳವೆಬಾವಿಯ ನೀರು, ಹೊಲದ ಮಣ್ಣು: ಸಹಜ ವಿಕಿರಣಶೀಲತೆಯನ್ನು ಅಳೆಯುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ಅಷ್ಟು ಆಳದಲ್ಲಿ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು, ಬಂಡೆಯಲ್ಲಿರುವ ಯುರೇನಿಯಂ ಅನ್ನು ಅಲ್ಪಸ್ವಲ್ಪ ಕರಗಿಸಿಕೊಂಡೇ ಮೇಲೆ ಬರುತ್ತದೆ. ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದರೆ ಈ ಕರಗುವಿಕೆಯೂ ಹೆಚ್ಚುತ್ತದೆ. ಪೂರ್ವ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಸುರಕ್ಷಿತ ಮಿತಿಯ ಹಲವು ಪಟ್ಟು ಯುರೇನಿಯಂ ಕಂಡುಬಂದಿದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಇದು ಗೊತ್ತಾಗುವುದಿಲ್ಲವಾದ್ದರಿಂದ ಅಳೆದೇ ತಿಳಿಯಬೇಕು. ಅಳತೆ ನಡೆಯುವುದು ಪ್ರಯೋಗಾಲಯದಲ್ಲೇ ಆದರೂ ಅದರ ಫಲ ಬಹುಮಟ್ಟಿಗೆ ನಿರ್ಧಾರವಾಗುವುದು ಬಾವಿಯ ಬಳಿ. ಮಾದರಿ ತೆಗೆಯುವಾಗ ಆದ ತಪ್ಪನ್ನು ಎಷ್ಟೇ ದುಬಾರಿಯ ಉಪಕರಣವೂ ಆಮೇಲೆ ಸರಿಪಡಿಸಲಾರದು.

ಮೊದಲಿಗೆ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸಿಗುವ ಕೈಹಿಡಿಯ ಗೈಗರ್ ಕೌಂಟರನ್ನು (ವಿಕಿರಣ ಎಣಿಸುವ ಉಪಕರಣ) ನೀರಿನ ಲೋಟದ ಪಕ್ಕ ಹಿಡಿದು ನೋಡಿದರೆ ಏನೂ ತಿಳಿಯುವುದಿಲ್ಲ. ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಇರುವ ನೀರಿನಲ್ಲಿ ಆ ಯುರೇನಿಯಂನಿಂದ ಆಗುವ ವಿಘಟನೆ ಸೆಕೆಂಡಿಗೆ ಒಂದು ಪರಮಾಣುವಿಗಿಂತಲೂ ಕಡಿಮೆ. ಅದರಿಂದ ಹೊರಡುವ ಆಲ್ಫಾ ಕಣವು ನೀರಿನಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ದೂರವನ್ನೂ ಕ್ರಮಿಸದೆ ನಿಂತುಬಿಡುತ್ತದೆ. ಕೌಂಟರ್ ತೋರಿಸುವುದು ಸುತ್ತಲಿನ ನೆಲ, ಗೋಡೆ ಮತ್ತು ಆಕಾಶದಿಂದ ಬರುವ ಹಿನ್ನೆಲೆ ವಿಕಿರಣವನ್ನಷ್ಟೇ. ಆ ಅಂಕಿಯನ್ನು ನಂಬಿ ನೀರು ಒಳ್ಳೆಯದೆಂದು ತೀರ್ಮಾನಿಸುವುದು ಅಪಾಯಕಾರಿ.

ನೀರಿನ ಮಾದರಿ

ಮೇಲಿನ ಟ್ಯಾಂಕಿನಿಂದಾಗಲಿ, ಅಡುಗೆಮನೆಯ ನಲ್ಲಿಯಿಂದಾಗಲಿ ಮಾದರಿ ತೆಗೆಯಬಾರದು. ಪಂಪು ಹಾಕಿ ಹತ್ತು ಹದಿನೈದು ನಿಮಿಷ ಹರಿಯಬಿಟ್ಟು, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೊರಹೋದ ಮೇಲೆ ಬಾವಿಯ ಬಾಯಲ್ಲೇ ಹಿಡಿಯಬೇಕು. ಎರಡು ಬಾಟಲಿಗಳು ಬೇಕಾಗುತ್ತವೆ. ಎರಡಕ್ಕೂ ಕ್ರಮ ಬೇರೆ.

ಯುರೇನಿಯಂ ಪರೀಕ್ಷೆಗೆ ದುರ್ಬಲ ಆಮ್ಲದಲ್ಲಿ ತೊಳೆದ ಪಾಲಿಥೀನ್ ಬಾಟಲಿಯನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ಜಾಲಾಡಿಸಿಕೊಳ್ಳಬೇಕು. ನೀರನ್ನು 0.45 ಮೈಕ್ರಾನ್ ಶೋಧಕದ ಮೂಲಕ ಸೋಸಿ, ಬಾಟಲಿಗೆ ತುಂಬಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲವನ್ನು ಸೇರಿಸಬೇಕು. ಆಮ್ಲ ಹಾಕದಿದ್ದರೆ ಯುರೇನಿಯಂ ಬಾಟಲಿಯ ಗೋಡೆಗೆ ಅಂಟಿಕೊಂಡು ಅಳತೆಗೆ ಸಿಗದೇ ಹೋಗಬಹುದು. ಆಮ್ಲದ ಕೆಲಸವನ್ನು ಪ್ರಯೋಗಾಲಯದವರೇ ಮಾಡುವುದು ಕ್ಷೇಮ. ಮನೆಯವರು ಅದಕ್ಕೆ ಕೈಹಾಕಬಾರದು.

ಎರಡನೆಯದು ರೇಡಾನ್‌ಗಾಗಿ. ಯುರೇನಿಯಂನ ಸಂತತಿಯಾದ ರೇಡಿಯಂ ವಿಘಟಿಸಿ ಹುಟ್ಟುವ ಈ ಅನಿಲವು ನೀರು ಕುಲುಕಿದರೆ ಸಾಕು, ಹೊರಟುಹೋಗುತ್ತದೆ. ಆದ್ದರಿಂದ ಗಾಜಿನ ಬಾಟಲಿಯ ತಳಕ್ಕೆ ಮುಟ್ಟುವಂತೆ ರಬ್ಬರ್ ಕೊಳವೆಯನ್ನು ಇಳಿಬಿಟ್ಟು, ನೀರು ಸದ್ದಿಲ್ಲದೆ ಕೆಳಗಿನಿಂದ ಏರಿ ಬಾಯಿಂದ ತುಳುಕಿ ಹರಿಯುವಂತೆ ಬಿಡಬೇಕು. ಕೊಳವೆಯನ್ನು ಮೆಲ್ಲಗೆ ಹೊರತೆಗೆದು, ಒಳಗೆ ಗಾಳಿಗೆ ಎಡೆಯಿಲ್ಲದಂತೆ ಕೂಡಲೇ ಮುಚ್ಚಳ ಬಿಗಿಯಬೇಕು. ಬಳಿಕ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಬೇಕು. ಹೆಸರುಕಾಳಿನಷ್ಟು ಗುಳ್ಳೆ ಕಂಡರೂ ಆ ನೀರನ್ನು ಚೆಲ್ಲಿ ಮತ್ತೆ ಹಿಡಿಯಬೇಕು. ರೇಡಾನ್‌ನ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) 3.82 ದಿನ, ಎಂದರೆ ಒಂದೇ ದಿನದಲ್ಲಿ ಅದು ಶೇ 17ರಷ್ಟು ಇಳಿಯುತ್ತದೆ. ಈ ಇಳಿಕೆಯನ್ನು ಲೆಕ್ಕದಲ್ಲಿ ತುಂಬಿಕೊಡಬಹುದು, ಆದರೆ ಅದಕ್ಕೆ ಮಾದರಿ ಹಿಡಿದ ದಿನಾಂಕ, ಗಂಟೆ, ನಿಮಿಷಗಳನ್ನು ಬಾಟಲಿಯ ಮೇಲೆಯೇ ಬರೆದಿರಬೇಕು. ಬಾವಿಯ ಆಳ ಮತ್ತು ಇರುವ ಜಾಗವನ್ನೂ ಜೊತೆಗೆ ಬರೆಯಬೇಕು.

ಪ್ರಯೋಗಾಲಯದಲ್ಲಿ ಯುರೇನಿಯಂ ಅನ್ನು ಸಾಮಾನ್ಯವಾಗಿ ಎಲ್‌ಇಡಿ ಅಥವಾ ಲೇಸರ್ ಫ್ಲೋರಿಮೀಟರಿನಲ್ಲಿ ಅಳೆಯುತ್ತಾರೆ. ಕೆಲವೇ ಮಿಲಿಲೀಟರ್ ನೀರಿಗೆ ಸೋಡಿಯಂ ಪೈರೋಫಾಸ್ಫೇಟ್ ದ್ರಾವಣವನ್ನು ಬೆರೆಸಿ ಬೆಳಕು ಹಾಯಿಸಿದಾಗ ಯುರೇನಿಯಂ ಹಸಿರಾಗಿ ಹೊಳೆಯುತ್ತದೆ. ಕಬ್ಬಿಣ, ಮ್ಯಾಂಗನೀಸ್, ಕ್ಲೋರೈಡ್‌ಗಳು ಈ ಹೊಳಪನ್ನು ಮಂಕಾಗಿಸುವುದರಿಂದ, ಅದೇ ನೀರಿಗೆ ಪ್ರಮಾಣ ತಿಳಿದಿರುವಷ್ಟು ಯುರೇನಿಯಂ ಸೇರಿಸಿ ಮತ್ತೊಮ್ಮೆ ಅಳೆದು, ಹೊಳಪು ಎಷ್ಟು ಏರಿತು ಎಂಬುದರಿಂದ ಮೂಲ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ರೇಡಾನ್ ವಿಧಾನ ಬೇರೆ: ನೀರಿನಲ್ಲಿ ಗಾಳಿಗುಳ್ಳೆಗಳನ್ನು ಎಬ್ಬಿಸಿ, ಅನಿಲವನ್ನು ಜಿಂಕ್ ಸಲ್ಫೈಡ್ ಲೇಪಿಸಿದ ನಿರ್ವಾತ ಕೋಶಕ್ಕೆ ಎಳೆದುಕೊಂಡು, ಮೂರು ಗಂಟೆ ಕಾದು, ಕೋಶದಲ್ಲಿ ಮೂಡುವ ಮಿನುಗುಗಳನ್ನು ಎಣಿಸುತ್ತಾರೆ.

ಮಣ್ಣಿನ ಮಾದರಿ

ರಸ್ತೆ, ಕಟ್ಟಡ ಮತ್ತು ಗೊಬ್ಬರ ಹಾಕಿದ ಜಾಗಗಳಿಂದ ದೂರವಿರುವ ನೆಲವನ್ನು ಆರಿಸಬೇಕು. ಫಾಸ್ಫೇಟ್ ಗೊಬ್ಬರದಲ್ಲಿ ಯುರೇನಿಯಂ, ಪೊಟ್ಯಾಷ್ ಗೊಬ್ಬರದಲ್ಲಿ ಪೊಟ್ಯಾಸಿಯಂ-40 ಇರುತ್ತವೆ. ಉಳುವ ಹೊಲವನ್ನೇ ಅಳೆಯುವ ಉದ್ದೇಶವಿದ್ದರೆ ಗೊಬ್ಬರದ ವಿವರವನ್ನು ಬರೆದುಕೊಳ್ಳಬೇಕು. ಒಂದು ಮೀಟರ್ ಚೌಕದ ನಾಲ್ಕು ಮೂಲೆ ಹಾಗೂ ನಡುವಿನಿಂದ ಒಂದೇ ಆಳದ ಮಣ್ಣನ್ನು ತೆಗೆದು, ಬೇರು, ಕಲ್ಲು ಆರಿಸಿ, ಚೆನ್ನಾಗಿ ಬೆರೆಸಿ ಎರಡು ಕಿಲೋದಷ್ಟನ್ನು ಚೀಲಕ್ಕೆ ಹಾಕಬೇಕು.

ಮುಂದಿನ ಕೆಲಸಕ್ಕೆ ತಾಳ್ಮೆ ಬೇಕು. ಮಣ್ಣನ್ನು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವ ತನಕ ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿ, ಸುಮಾರು ನಾಲ್ಕು ವಾರ ಹಾಗೆಯೇ ಇಡುತ್ತಾರೆ. ರೇಡಿಯಂ-226 ತಾನಾಗಿ ಹೊರಸೂಸುವ 186 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣವು ಯುರೇನಿಯಂ-235ರ ಕಿರಣದೊಂದಿಗೆ ಬೆರೆತುಹೋಗುತ್ತದೆ. ಹಾಗಾಗಿ ಅದರ ಸಂತತಿಯಾದ ಬಿಸ್ಮತ್-214ರ 609 ಕೆಇವಿ ಕಿರಣವನ್ನು ಅಳೆಯುತ್ತಾರೆ. ನಡುವೆ ರೇಡಾನ್ ಅನಿಲದ ಹಂತವಿದೆ. ಡಬ್ಬಿ ಸೋರಿದರೆ ಅನಿಲ ತಪ್ಪಿಸಿಕೊಂಡು ರೇಡಿಯಂ ಕಡಿಮೆಯೆಂದು ತೋರುತ್ತದೆ. ನಾಲ್ಕು ವಾರದಲ್ಲಿ ರೇಡಿಯಂ ಮತ್ತು ಅದರ ಸಂತತಿ ಸಮತೋಲನಕ್ಕೆ ಬರುತ್ತವೆ. ಆಮೇಲೆ ಸೀಸದ ಕವಚದೊಳಗೆ, ದ್ರವ ಸಾರಜನಕದಿಂದ ತಂಪಾಗಿಸಿದ ಜರ್ಮೇನಿಯಂ ಡಿಟೆಕ್ಟರಿನ ಮೇಲೆ ಡಬ್ಬಿಯನ್ನಿಟ್ಟು, ಹಲವು ಗಂಟೆಗಳ ಕಾಲ ಎಣಿಸುತ್ತಾರೆ. ಥೋರಿಯಂ ಸರಣಿಗೆ 583 ಅಥವಾ 2614, ಪೊಟ್ಯಾಸಿಯಂಗೆ 1461 ಕೆಇವಿ ಗುರುತು. ಖಾಲಿ ಡಬ್ಬಿಯನ್ನೂ ಹಾಗೆಯೇ ಎಣಿಸಿ, ಆ ಹಿನ್ನೆಲೆ ಎಣಿಕೆಯನ್ನು ಮಾದರಿಯ ಎಣಿಕೆಯಿಂದ ಕಳೆಯಬೇಕು.

ವರದಿಯನ್ನು ಓದುವಾಗ

ಮಣ್ಣಿಗೆ ಜಾಗತಿಕ ಮಧ್ಯಮ ಮೌಲ್ಯಗಳು ಕಿಲೋಗೆ ರೇಡಿಯಂ 35, ಥೋರಿಯಂ 30, ಪೊಟ್ಯಾಸಿಯಂ-40 400 ಬೆಕೆರೆಲ್ (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ವಿಘಟನೆ). ಇವನ್ನು ಕ್ರಮವಾಗಿ 0.462, 0.604, 0.0417ರಿಂದ ಗುಣಿಸಿ ಕೂಡಿದರೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 51 ನ್ಯಾನೋಗ್ರೇ (ಗಾಳಿ ಹೀರಿಕೊಳ್ಳುವ ವಿಕಿರಣದ ಅಳತೆ) ಬರುತ್ತದೆ. ಮಂಗಳೂರಿನ ಬಳಿಯ ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇರುವ ಕಡೆ ಥೋರಿಯಂನಿಂದಾಗಿ ಇದು ಬಹಳ ಹೆಚ್ಚು.

ನೀರಿನ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 30 ಮೈಕ್ರೋಗ್ರಾಂ; ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಇಲ್ಲಿ ಮುಖ್ಯ ಆತಂಕ ವಿಕಿರಣಕ್ಕಿಂತ ಮೂತ್ರಪಿಂಡದ ಮೇಲೆ ಯುರೇನಿಯಂ ಲೋಹದ ವಿಷಪರಿಣಾಮ. ವರದಿಯಲ್ಲಿ 28 ಎಂದಿದ್ದು, ಜೊತೆಗೆ ನಾಲ್ಕರ ಹೆಚ್ಚುಕಡಿಮೆ ಸೂಚಿಸಿದ್ದರೆ, ಆ ಬಾವಿ 30ರ ಮಿತಿಯೊಳಗಿದೆ ಎಂದು ನಿರಾಳವಾಗುವಂತಿಲ್ಲ. ಅನಿಶ್ಚಿತತೆಯನ್ನು ನಮೂದಿಸದ ವರದಿಯನ್ನು ಒಪ್ಪದೆ, ಅದನ್ನು ಬರೆದುಕೊಡಿ ಎಂದು ಕೇಳಿ ಪಡೆಯಬೇಕು. ಬೇಸಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಳೆಸುವುದು ಅಗತ್ಯ.

ಕುದಿಸಿದರೆ ರೇಡಾನ್ ಹೋಗುತ್ತದೆ, ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಆರ್‌ಒ ಘಟಕ ಯುರೇನಿಯಂನ ಬಹುಪಾಲನ್ನು ತೆಗೆಯುತ್ತದೆ, ಆದರೆ ಪೊರೆ ಹಳತಾದಂತೆ ಈ ಶಕ್ತಿ ಕುಗ್ಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಹೊರಬರುವ ನೀರನ್ನೂ ಬಾವಿಯ ನೀರಿನಂತೆಯೇ ಬಾಟಲಿಗೆ ಹಿಡಿದು ಪರೀಕ್ಷೆಗೆ ಕಳಿಸಬೇಕು.